ಓಡೋ ಹುಡುಗ್ಗ ಲಸಿಕಿ ಬೇಕೋ ಬ್ಯಾಡೋ?

ಹೋದ ಶನಿವಾರ ಸಂಕ್ರಮಣ. ಓಣಿಯೊಳಗ ಕುಸರೆಳ್ಳು ಹಂಚಿ ಬಂದು ಇನ್ನೇನು ಒಂದೀಟು ಅಡ್ಡಾಗಬೇಕು ಅನ್ನೂದ್ರಾಗ ತಂಗಿ ಫೋನ್ ಬಂತು. ಹಬ್ಬದ ಮಾತು ಒಂದೂ ಇಲ್ಲ, ಮೊದಲನೇ ಮಾತಿಗೇ ಕೇಳಿದ್ಲು:

“ಅಕ್ಕಾ, ಮುಂದಿನ ಶನಿವಾರ ಕಾಲೇಜಿನ್ಯಾಗ ಹುಡುಗುರಿಗೆ ಕೊರೊನಾ ಲಸಿಕಿ ಹಾಕ್ತಾರಂತ. ಮನಿಯವರ ಸಹಿ ಬೇಕು ಅಂತ ಚೀಟಿ ಕೊಟ್ಟು ಕಳಿಸ್ಯಾರ. ಹಾಕಸ್ಲೋ ಬ್ಯಾಡೋ?”

“ಇದೇನು ಕೇಳೂ ಮಾತೇನ? ಹಾಕಸು. ಏನೂ ಆಗೂದಿಲ್ಲ,” ಅಂದೆ.

“ಏನೂ ಆಗೂದಿಲ್ಲ ಅಂತ ನೀ ಹೆಂಗ ಹೇಳ್ತಿ? ನನ್ನ ಮಗ ಪುಸ್ತಕ ಹಿಡಕೊಂಡು ಕುಂಡ್ರಾಂವ ಅಲ್ಲ, ಓಡಾಂವ. ಎದಿಗೆ ಏನರ ಆತಂದ್ರ?”

ನಾ ಸುಮ್ಮನಾದೆ. ಉತ್ತರಾ ಇರಲಿಲ್ಲ ನನ್ನ ಕಡೆ.

ಅಕಿ ಮಗಗ ಈಗ 17 ವರ್ಷ. 800 ಮೀಟರ್ ಓಡ್ತಾನ. ಎರಡು ಸಲ ರಾಜ್ಯಮಟ್ಟಕ್ಕ ಹೋಗಿ ಬಂದಾನ, ಫೆಬ್ರುವರಿ ಎರಡನೇ ವಾರದಾಗ ಮತ್ತೊಂದು ಆಯ್ಕಿ ಅದ. ಕೋಚ್ “ಈಗೇನೂ ಬ್ಯಾಡ, ಆಯ್ಕಿ ಮುಗೀಲಿ, ಆಮ್ಯಾಲೆ ನೋಡೋಣು” ಅಂದಾರಂತ. ನಮ್ಮ ಮನಿತನದ ವಾಟ್ಸಾಪ್ ಗ್ರೂಪಿನ್ಯಾಗ ಅವತ್ತ ಮುಂಜಾನೆನ ಯಾರೋ ಒಂದು ವಿಡಿಯೋ ಹಾಕಿದ್ರು. ಯಾವ್ಯಾವದೋ ದೇಶದ ಮೈದಾನದಾಗ ಆಟಗಾರರು ಧಪ್ ಅಂತ ಬೀಳೂದು, ಕೆಳಗ “ಇದೆಲ್ಲಾ ಲಸಿಕಿ ಪ್ರಭಾವ” ಅಂತ ಬರದದ್ದು. ನಿಮಗೂ ಬಂದಿರಬೇಕು. ಅದನ್ನ ನೋಡಿ ತಂಗಿ ರಾತ್ರಿ ಮಲಗಿಲ್ಲ.

ಆ ಮ್ಯಾಲೆ ನಾಕೈದು ದಿವಸ ನಾ ಇದನ್ನ ತಲ್ಯಾಗ ಇಟ್ಕೊಂಡು ಪೇಪರ್ ಓದಿದೆ, ನಮ್ಮ ಮನಿ ಡಾಕ್ಟರಿಗೆ ಕೇಳಿದೆ, ಹುಡುಗನ ಕೂಡ ಮಾತಾಡಿದೆ. ನಮ್ಮ ಬಳಗದಾಗ, ಓಣಿಯೊಳಗ ಕಬಡ್ಡಿ ಆಡೋ ಹುಡುಗ್ಯಾರ, ಖೊಖೊ ಆಡೋರು, ಈಜೋರು, ಜಿಮ್ಮಿಗೆ ಹೋಗೋರು ಎಷ್ಟು ಮಂದಿ ಇದ್ದಾರ. ಎಲ್ಲಾ ತಾಯಂದ್ರ ಹೊಟ್ಟ್ಯಾಗೂ ಇದ ಸಂಕಟ ಅದ ಅಂತ ನನಗ ಗೊತ್ತದ. ಅದಕ್ಕ ಇಲ್ಲೆ ಬರೀಲಿಕ್ಕೆ ಕೂತೆ.

ನನ್ನ ಅಭಿಪ್ರಾಯ ಮೊದಲ ಹೇಳಿಬಿಡ್ತೀನಿ. ಹಾಕಸ್ಬೇಕು. ಓಡಾಂವ ಅಂತ ಬಿಡೂದಲ್ಲ, ಓಡಾಂವ ಅಂತನ ಹಾಕಸ್ಬೇಕು. ಆದ್ರ ನಾ ತಂಗಿಗೆ ಹೇಳಿದಂಗ “ಏನೂ ಆಗೂದಿಲ್ಲ” ಅಂತ ಬಾಯಿ ಮುಚ್ಚಿಸಿ ಹಾಕಸೂದಲ್ಲ. ತಿಳಕೊಂಡು ಹಾಕಸೂದು.

ಮೊದ್ಲ ಆ ವಿಡಿಯೋದ ಮಾತು. ಅದರಾಗ ಎಲ್ಲಾರಕಿಂತ ಹೆಚ್ಚು ತೋರಸೂದು ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಬಿದ್ದದ್ದು. 2021ರ ಜೂನ್ 12ಕ್ಕ ಕೋಪನ್‌ಹೇಗನ್ನಿನ್ಯಾಗ ಫಿನ್ಲೆಂಡ್ ಕೂಡ ಆಟ ನಡದಿತ್ತು. 29 ವರ್ಷದ ಗಟ್ಟಿ ಆಳು, ಯಾರೂ ಮುಟ್ಟದನ ಬಿದ್ದ. ಎದಿ ಬಡಿತ ನಿಂತಿತ್ತು. ಮೈದಾನದಾಗ ಅಲ್ಲೇ ಎದಿ ಒತ್ತಿ, ಶಾಕ್ ಕೊಟ್ಟು ಉಳಿಸಿದ್ರು. ಅವನ ಜೊತಿ ಆಟಗಾರರು ಸುತ್ತ ಗ್ವಾಡಿಗತೆ ನಿಂತು ಮರಿ ಮಾಡಿದ್ರು. ಅದನ್ನ ನೋಡಿದ್ರ ಯಾ ತಾಯಿ ಕರಳೂ ಕಿವುಚ್ತದ. ಆದ್ರ ಅಂವ ಅವಾಗ ಆಡ್ತಿದ್ದ ಇಟಲಿಯ ಇಂಟರ್ ಕ್ಲಬ್ಬಿನವರು ಆವಾಗನ ಹೇಳಿದ್ರು: ಅವಗ ಕೊರೊನಾನೂ ಬಂದಿರಲಿಲ್ಲ, ಲಸಿಕಿನೂ ಹಾಕಿರಲಿಲ್ಲ. ವಿಡಿಯೋ ಮಾಡಿದಾಂವ ಅದನ್ನ ಬಿಟ್ಟುಬಿಟ್ಟಾನ.

ಆಡ್ತ ಆಡ್ತ ಬೀಳೂದು ಹೊಸಾದೂ ಅಲ್ಲ. 2003ರಾಗ ಕ್ಯಾಮರೂನ್ ದೇಶದ ಮಾರ್ಕ್ ವಿವಿಯನ್ ಫೋಯೆ ಅನ್ನೋ 28 ವರ್ಷದ ಆಟಗಾರ ಫ್ರಾನ್ಸಿನ ಲಿಯಾನ್ ಊರಾಗ ಆಡ್ತಿರೂ ಮುಂದನ ಬಿದ್ದು ತೀರಿಕೊಂಡ. ಅವಾಗ ಕೊರೊನಾನೂ ಇಲ್ಲ, ಅದರ ಲಸಿಕಿನೂ ಇಲ್ಲ. ಇಟಲಿಯವರು 1982ರಿಂದನ ಸ್ಪರ್ಧಾಕ್ಕ ಇಳಿಯೋ ಎಲ್ಲಾ ಆಟಗಾರರಿಗೂ ಇಸಿಜಿ ತಪಾಸಣಿ ಕಡ್ಡಾಯ ಮಾಡ್ಯಾರ. ಹುಟ್ಟಿದಾಗಿಂದ ಇರೋ ಎದಿ ದೋಷ ಕೆಲವು ಮಂದಿಗೆ ಹೊರಗ ಗೊತ್ತ ಆಗೂದಿಲ್ಲ, ಜೋರಾಗಿ ಓಡಿದಾಗ ಒಮ್ಮಿಂದೊಮ್ಮೆಲೆ ಹೊರಗ ಬೀಳ್ತದ. ಅದಕ್ಕ ಈ ತಪಾಸಣಿ.

2021ರ ಅಕ್ಟೋಬರ್ 29ಕ್ಕ ನಮ್ಮ ಅಪ್ಪು ಹೋದಾಗಿಂದ ಅಂತೂ ನಮ್ಮೆಲ್ಲಾರ ಎದಿ ಸಣ್ಣದಾಗೇದ. 46 ವರ್ಷ, ದಿನಾ ವ್ಯಾಯಾಮ ಮಾಡೋ ಮನುಷ್ಯಾ. ಅಂಥವರಿಗೇ ಹಿಂಗಾದ್ರ ನಮ್ಮ ಹುಡುಗುರ ಗತಿ ಏನು ಅಂತ ಅವತ್ತ ಟಿವಿ ಮುಂದ ಕೂತು ಅತ್ತವರು ನಾವು. ಆ ಹೆದರಿಕಿ ಖರೆ. ಆದ್ರ ಹೆದರಿಕಿ ಖರೆ ಅದ ಅಂತ ಹೆದರ್ಸೋ ಕತಿ ಎಲ್ಲಾ ಖರೆ ಆಗೂದಿಲ್ಲ.

ಹಂಗಾದ್ರ ಲಸಿಕಿಯಿಂದ ಎದಿಗೆ ಏನೂ ಆಗೂದಿಲ್ಲೇನು? ಇಲ್ಲೇ ನಾ ತಂಗಿಗೆ ತಪ್ಪು ಹೇಳಿದ್ದೆ. ಹೊರದೇಶದಾಗ ಹಾಕೋ ಫೈಜರ್, ಮೊಡೆರ್ನಾ ಅಂತ ಎರಡು ಲಸಿಕಿ ಅದಾವಲ್ಲಾ, ಅವನ್ನ ಹಾಕಸ್ಕೊಂಡ ಕೆಲವು ಮಂದಿಗೆ ಹೃದಯದ ಸ್ನಾಯುವಿಗೆ ಬಾವು ಬಂದದ. ಡಾಕ್ಟರ್ ಭಾಷಾದಾಗ ಮಯೋಕಾರ್ಡೈಟಿಸ್ ಅಂತಾರ. ಭಾಳ ಅಪರೂಪ, ಆದ್ರ ಬಂದದ್ದು ಹೆಚ್ಚಾಗಿ ಹರೇದ ಗಂಡುಹುಡುಗುರಿಗೆ, ಅದೂ ಎರಡನೇ ಡೋಸ್ ಆದ ನಾಕೈದು ದಿವಸದಾಗ. ಹೆಚ್ಚಿನವರು ವಿಶ್ರಾಂತಿ ತಗೊಂಡು ಆರಾಮ ಆಗ್ಯಾರ. ಇದನ್ನ ಯಾರೂ ಮುಚ್ಚಿಟ್ಟಿಲ್ಲ. ಸ್ವೀಡನ್, ಫಿನ್ಲೆಂಡ್‌ನವರು 2021ರ ಅಕ್ಟೋಬರದಾಗ ಹರೇದವರಿಗೆ ಮೊಡೆರ್ನಾ ನಿಲ್ಲಿಸಿ ಫೈಜರ್ ಹಾಕಸ್ಕೋರಿ ಅಂದ್ರು. ಸಿಂಗಪೂರದ ಸರಕಾರ ಲಸಿಕಿ ಆದ ಮ್ಯಾಲೆ ಹುಡುಗುರು ಕೆಲವು ದಿವಸ ಭಾರಿ ವ್ಯಾಯಾಮ ಮಾಡಬಾರದು ಅಂತ ಹೇಳ್ತು. ನಾವು ನೀವು ಹಾಕಸ್ಕೊಂಡ ಕೋವಿಶೀಲ್ಡ್ ಅದಲ್ಲಾ, ಆ ಜಾತಿ ಲಸಿಕಿಗೂ ರಕ್ತ ಹೆಪ್ಪುಗಟ್ಟೋ ಅಪರೂಪದ ತೊಂದ್ರಿ ಅದ ಅಂತ ಬ್ರಿಟನ್ನಿನವರು ಸಣ್ಣ ವಯಸ್ಸಿನವರಿಗೆ ಬ್ಯಾರೆ ಲಸಿಕಿ ಕೊಡ್ಲಿಕ್ಕೆ ಸುರು ಮಾಡಿದ್ರು. ಈ ದೇಶದವರ್ಯಾರೂ ಅವಾಗ “ಹರೇದವರಿಗೆ ಲಸಿಕಿನ ಬ್ಯಾಡ” ಅನ್ನಲಿಲ್ಲ. ಯಾವ ವಯಸ್ಸಿಗೆ ಯಾವದು ಪಾಡು ಅಂತ ಆರಿಸಿದ್ರು. ಅಕ್ಕಿ ಒಳಗ ಹಳ್ಳ ಸಿಕ್ತು ಅಂತ ಅನ್ನಾನ ಬಿಡ್ತೀವೇನು? ಆರಿಸಿ ಮಾಡ್ತೀವಿ.

ನಮ್ಮ ದೇಶದಾಗ 15ರಿಂದ 18ರ ವಯಸ್ಸಿನವರಿಗೆ 2022ರ ಜನವರಿ 3ರಿಂದ ಹಾಕ್ಲಿಕ್ಕೆ ಸುರು ಮಾಡಿದ್ರಲ್ಲಾ, ಅದು ಕೊವ್ಯಾಕ್ಸಿನ್ ಒಂದ ಇತ್ತು. ಅದು ಸತ್ತ ವೈರಸ್ಸಿನಿಂದ ಮಾಡಿದ್ದು, ಹಳೇ ಕಾಲದ ಪದ್ಧತಿ. ಫೈಜರ್, ಮೊಡೆರ್ನಾ ಪದ್ಧತಿನ ಬ್ಯಾರೆ. ಆ ದೇಶದ ಸುದ್ದಿ ತಂದು ಈ ಸೂಜಿಗೆ ಹಚ್ಚಿದ್ರ ಅದು ಸರಿ ಆಗೂದಿಲ್ಲ. ಹಂಗಂತ ಕೊವ್ಯಾಕ್ಸಿನ್ ಹಾಕಿದ್ರ ಮೈ ಬಿಸಿ ಆಗೂದಿಲ್ಲ ಅಂತಲ್ಲ. ಜ್ವರ, ತೋಳ ನೋವು, ಮೈಕೈ ನೋವು ಒಂದೆರಡು ದಿವಸ ಬರ್ತಾವ.

ಈಗ ತಕ್ಕಡಿಯ ಇನ್ನೊಂದು ಪರಡಿ ನೋಡೋಣು. ಲಸಿಕಿ ಬಗ್ಗೆ ಅಷ್ಟೆಲ್ಲಾ ಕೇಳ್ತೀವಲ್ಲಾ, ಜಡ್ಡು ಬಂದ್ರ ಓಡೋ ಹುಡುಗ್ಗ ಏನಾಗ್ತದ ಅಂತ ಯಾರೂ ಕೇಳೂದುಲ್ಲ.

ನಮ್ಮ ಬೆಂಗಳೂರಿನ್ಯಾಗ ನಡದದ್ದ ಹೇಳ್ತೀನಿ. 2020ರ ಆಗಸ್ಟದಾಗ, ಇನ್ನೂ ಯಾ ಲಸಿಕಿನೂ ಬಂದಿರದಾಗ, ಭಾರತದ ಹಾಕಿ ತಂಡದವರು ಮನಿಯಿಂದ ತಿರುಗಿ ಬೆಂಗಳೂರಿನ ಸಾಯ್ ಶಿಬಿರಕ್ಕ ಬಂದ್ರು. ಕ್ಯಾಪ್ಟನ್ ಮನ್‌ಪ್ರೀತ್ ಸಿಂಗ್ ಸುದ್ಧಾ ಆರು ಮಂದಿಗೆ ಕೊರೊನಾ ಅಂತ ಬಂತು. ಅವರೊಳಗ ಮನ್‌ದೀಪ್ ಸಿಂಗ್ ಅಂತ, 25 ವರ್ಷದಾಂವ. ಅವನ ರಕ್ತದಾಗ ಆಕ್ಸಿಜನ್ ಕಡಿಮಿ ಆಗಿ ದವಾಖಾನಿಗೆ ಸೇರಿಸಬೇಕಾತು. ದೇಶಕ್ಕ ಆಡೋ ಹುಡುಗ, ಅವನ ಉಸಿರಿಗಿಂತ ಗಟ್ಟಿ ಉಸಿರು ಯಾರದಿತ್ತು? ದೇವರ ದಯಾ, ಆರಾಮ ಆತು. ಮರು ವರ್ಷ ಟೋಕಿಯೋದಾಗ 41 ವರ್ಷದ ಮ್ಯಾಲೆ ಹಾಕಿಗೆ ಪದಕ ಬಂತಲ್ಲಾ, ಆ ತಂಡದಾಗ ಅಂವ ಇದ್ದ. 2021ರ ಏಪ್ರಿಲ್ ಕಡಿಕೆ ಅದ ಶಿಬಿರದಾಗ ಹೆಣ್ಣುಮಕ್ಕಳ ತಂಡದ ರಾಣಿ ರಾಂಪಾಲ್ ಮತ್ತ ಆರು ಮಂದಿಗೂ ಬಂದು ಹೋತು. ಹರೇದವರಿಗೆ ಏನೂ ಆಗೂದಿಲ್ಲ ಅನ್ನೋರು ಇದನ್ನ ನೆನಪಿಟ್ಕೋಬೇಕು. ಸಾಯೂದು ಕಡಿಮಿ, ಅದು ಖರೆ. ಆದ್ರ ಸಾಯೂದು ಒಂದನ ನಷ್ಟ ಅಲ್ಲ.

ಇನ್ನೊಬ್ಬಾಂವ ಜರ್ಮನಿಯಾಂವ, ಯೋಶುವಾ ಕಿಮ್ಮಿಶ್. ಬಾಯರ್ನ್ ಮ್ಯೂನಿಕ್ ಅನ್ನೋ ದೊಡ್ಡ ಫುಟ್‌ಬಾಲ್ ಕ್ಲಬ್ಬಿನ ಆಟಗಾರ, ಅವಾಗ 26 ವರ್ಷ. ನನಗ ಎಲ್ಲಾರಕಿಂತ ಹೆಚ್ಚು ಪಾಠ ಕಲಿಸಿದ ಕತಿ ಇವಂದು. ಇಂವ ಲಸಿಕಿ ವಿರೋಧಿ ಅಲ್ಲ. 2020ರ ಮಾರ್ಚದಾಗ ಇಂವ ಮತ್ತ ಇವನ ಜೊತಿ ಆಟಗಾರ ಲಿಯಾನ್ ಗೊರೆಟ್ಸ್ಕಾ ಕೂಡಿ ಕೊರೊನಾ ಸಂಕಟದಾಗ ಇದ್ದವರಿಗೆ ಸಹಾಯ ಮಾಡ್ಲಿಕ್ಕೆ ತಮ್ಮ ಕಿಸೆದಿಂದ 10 ಲಕ್ಷ ಯೂರೋ ಹಾಕಿ ನಿಧಿ ಸುರು ಮಾಡಿದ್ರು. ಅಂಥಾಂವ 2021ರ ಅಕ್ಟೋಬರದಾಗ ಟಿವಿಯವರ ಮುಂದ, ನಾ ಇನ್ನೂ ಹಾಕಸ್ಕೊಂಡಿಲ್ಲ, ಬಾಳ ವರ್ಷದ ಮ್ಯಾಲಿನ ಪರಿಣಾಮದ ಬಗ್ಗೆ ನನಗ ಚಿಂತಿ ಅದ ಅಂದ. ಬ್ಯಾಡ ಅನ್ನಲಿಲ್ಲ, ಇನ್ನೂ ವಿಚಾರ ಮಾಡ್ಲಿಕ್ಕೆ ಹತ್ತೀನಿ ಅಂದ. ನಮ್ಮ ತಂಗಿಗತೆನ.

ಅಂವ ವಿಚಾರ ಮಾಡೂದ್ರಾಗನ ನವೆಂಬರ್ ಬಂತು. ಹತ್ತಿರದವರಿಗೆ ಕೊರೊನಾ ಬಂತು ಅಂತ ಇವನ್ನ ಬ್ಯಾರೆ ಕೂಡಿಸಿದ್ರು, ಆಟ ತಪ್ಪಿದ್ವು. ನವೆಂಬರ್ ಕಡಿಕೆ ಇವಗೂ ಬಂತು. ಜ್ವರ ಹೋತು, ಆದ್ರ ಶ್ವಾಸಕೋಶದಾಗ ಸಣ್ಣಗೆ ಅದರ ಗುರುತು ಉಳದಾವ, ಪೂರಾ ತಾಲೀಮು ಮಾಡೋ ಹಂಗಿಲ್ಲ ಅಂತ ಡಿಸೆಂಬರದಾಗ ಗೊತ್ತಾತು. ಆ ವರ್ಷದ ಉಳಿದ ಆಟ ಎಲ್ಲಾ ಹೋದ್ವು. ಅವಾಗ ಅಂವನ ಟಿವಿಯೊಳಗ ಬಂದು, ನನ್ನ ಹೆದರಿಕಿ, ಸಂಶಯ ನಿಭಾಯಿಸ್ಲಿಕ್ಕೆ ನನಗ ಆಗಲಿಲ್ಲ, ಅದಕ್ಕ ತಡಾ ಮಾಡಿದೆ, ಈಗ ಹಾಕಸ್ಕೋತೀನಿ ಅಂತ ಒಪ್ಪಿಕೊಂಡ. 2022ರ ಜನವರಿಯೊಳಗ ಆಟಕ್ಕ ತಿರುಗಿ ಬಂದ. ದೊಡ್ಡ ಕ್ಲಬ್ಬು, ಕೈಗೊಬ್ಬ ಕಾಲಿಗೊಬ್ಬ ಡಾಕ್ಟರ್, ಅವನ ಜಾಗಾ ಅವಗ ಕಾಯ್ತಿತ್ತು. ನಮ್ಮ ಹುಡುಗುರಿಗೆ ಯಾರು ಕಾಯ್ತಾರ?

ಅದ ಬಾಯರ್ನ್ ತಂಡದ ಅಲ್ಫಾನ್ಸೊ ಡೇವಿಸ್, ಅವಾಗ 21ರ ಹುಡುಗ. ಅವನ ಓಟ ನೋಡಿದವರು ಗಾಳಿಗತೆ ಓಡ್ತಾನ ಅಂತಾರ. 2022ರ ಜನವರಿಯೊಳಗ ಕೊರೊನಾ ಬಂದು ಹೋದ ಮ್ಯಾಲೆ ತಪಾಸಣಿ ಮಾಡಿದಾಗ ಹೃದಯದ ಸ್ನಾಯುವಿಗೆ ಸಣ್ಣಗೆ ಬಾವು ಬಂದದ್ದು ಕಂಡ್ತು, ಅವಾಗ ಆಟ ಬಿಡಿಸಿದ್ರು. ಅಂದ್ರ ಯಾವದಕ್ಕ ಹೆದರಿ ಲಸಿಕಿ ಬ್ಯಾಡ ಅಂತೀವೋ ಅದ ಬಾವು ಜಡ್ಡಿನಿಂದನೂ ಬರ್ತದ. ಲಸಿಕಿ ತಪ್ಪಿಸಿದ್ರ ಆ ಹೆದರಿಕಿ ಮನಿ ಬಿಟ್ಟು ಹೋಗೂದಿಲ್ಲ, ಮುಂಬಾಗಲ ಬಿಟ್ಟು ಹಿತ್ತಲಬಾಗಲಿಗೆ ಬರ್ತದ.

ಇನ್ನ ಮುಖ್ಯ ಮಾತು. ಆಟಗಾರರಿಗೂ ನಮಗೂ ಏನು ಫರಕು?

ನನ್ನ ಉದಾಹರಣಿನ ಕೊಡ್ತೀನಿ. 2021ರ ಏಪ್ರಿಲ್ 1ರಿಂದ 45 ದಾಟಿದವರಿಗೆಲ್ಲಾ ಲಸಿಕಿ ಸುರು ಆಗಿತ್ತು. ನಮ್ಮನಿಯವರು ಹಾಕಸ್ಕೊಂಡು ಬಂದ್ರು. ನಾ ಮಾತ್ರ “ನೋಡೋಣ, ನೋಡೋಣ” ಅಂತ ಕೂತೆ. ಮೇ ತಿಂಗಳದಾಗ ಬಂತು ನೋಡ್ರಿ. ದವಾಖಾನಿಗೆ ಹೋಗೋ ಹಂಗ ಆಗಲಿಲ್ಲ, ಮನ್ಯಾಗ ಆರಾಮ ಆದೆ. ಆದ್ರ ಮೂರು ತಿಂಗಳು ಮಾಳಿಗಿ ಹತ್ತಿ ಅರಬಿ ಒಣಗಹಾಕ್ಬೇಕಂದ್ರ ಅರ್ಧ ಪಾವಟಿಗಿಗೆ ದಮ್ಮು ಹತ್ತಿ ನಿಲ್ತಿದ್ದೆ. ಬುಟ್ಟಿ ಕೆಳಗಿಟ್ಟು, ಗ್ವಾಡಿ ಹಿಡಕೊಂಡು, ಎರಡು ನಿಮಿಷ ನಿಂತು ಮತ್ತ ಹತ್ತೂದು. ಹೊರಗಿನವರಿಗೆ ಅದು ಗೊತ್ತೂ ಆಗಲಿಲ್ಲ. ನನ್ನ ಕೆಲಸಾನೂ ನಿಲ್ಲಲಿಲ್ಲ, ಅರಬಿ ಎರಡು ನಿಮಿಷ ತಡಾ ಆಗಿ ಒಣಗಿದ್ವು ಅಷ್ಟ.

ಆದ್ರ ಆ ಹುಡುಗ್ಗ ಎರಡು ನಿಮಿಷ ಅಂದ್ರ ಅವನ ಇಡೀ ಓಟ. 800 ಮೀಟರ್ ಓಟ ಎರಡು ನಿಮಿಷದೊಳಗ ಮುಗೀತದ. ಹುಡುಗನ ನನಗ ಒಂದು ಲೆಕ್ಕ ಹೇಳಿದ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನ್ಯಾಗ ನಮ್ಮ ಶ್ರೀರಾಮ್ ಸಿಂಗ್ ಅನ್ನೋರು ಈ ಓಟ 1 ನಿಮಿಷ 45.77 ಸೆಕೆಂಡಿಗೆ ಓಡಿದ್ರಂತ. ಆ ಭಾರತೀಯ ದಾಖಲೆ ಮುರೀಲಿಕ್ಕೆ 42 ವರ್ಷ ಹಿಡೀತಂತ. 2018ರಾಗ ಜಿನ್ಸನ್ ಜಾನ್ಸನ್ 1 ನಿಮಿಷ 45.65ಕ್ಕ ಓಡಿದ್ರು. ಫರಕು ಎಷ್ಟು? ಒಂದು ಸೆಕೆಂಡನ್ನ ನೂರು ಭಾಗ ಮಾಡಿದ್ರ ಅದರಾಗಿನ 12 ಭಾಗ. ನಾವು ಕಣ್ಣು ಪಿಳುಕಿಸೂದ್ರಾಗ ಮುಗೀತದ ಅದು. ಅಷ್ಟಕ್ಕ 42 ವರ್ಷ!

ಇಂಥಾ ಹುಡುಗುರ ಬದುಕು ಉಸಿರಿನ ಆ ಕಡಿ ತುದಿ ಮ್ಯಾಲೆ ನಿಂತದ. ನನ್ನ ಉಸಿರು ನೂರರಾಗ ಐದು ಪಾಲು ಕಡಿಮಿ ಆದ್ರ ನಾ ಪಾವಟಿಗಿ ಮ್ಯಾಲೆ ನಿಲ್ತೀನಿ. ಅವನ ಉಸಿರು ನೂರರಾಗ ಒಂದು ಪಾಲು ಕಡಿಮಿ ಆದ್ರ ಅಂವ ಆಯ್ಕಿಯೊಳಗನ ಇರೂದಿಲ್ಲ. ಡಾಕ್ಟರು “ಸೌಮ್ಯ ಲಕ್ಷಣ” ಅಂತ ಬರೀತಾರಲ್ಲಾ, ಅದು ನನಗ ಸೌಮ್ಯ. ಓಡೋರಿಗೆ ಸೌಮ್ಯ ಅನ್ನೋದ ಇಲ್ಲ. ಅದಕ್ಕ ನಾ ಹೇಳಿದ್ದು, ಓಡಾಂವ ಅಂತನ ಹಾಕಸ್ಬೇಕು ಅಂತ. ತಂಗಿ ಯಾವ ಕಾರಣಾ ಕೊಟ್ಟು ಬ್ಯಾಡ ಅಂತಾಳೋ ಅದ ಕಾರಣಾ ಬೇಕು ಅಂತ ಹೇಳ್ತದ.

“ಹಾಕಸ್ಕೊಂಡವರಿಗೂ ಬರ್ಲಿಕ್ಕೆ ಹತ್ತೇದಲ್ಲಾ, ಮತ್ಯಾಕ ಹಾಕಸ್ಬೇಕು?” ಅಂತ ನಮ್ಮ ನೆಗೆಣ್ಣಿ ಕೇಳಿದ್ಲು. ಬರ್ತದ. ಒಮಿಕ್ರಾನ್ ಬಂದ ಮ್ಯಾಲೆ ಅಂತೂ ಮನಿಗೊಬ್ಬರು ಕೆಮ್ಲಿಕ್ಕೆ ಹತ್ತಿದ್ರು. ಆದ್ರ ಮಳಿಯೊಳಗ ಕೊಡಿ ಹಿಡಕೊಂಡ್ರೂ ಕಾಲು ತೊಯ್ತಾವ, ಅದಕ್ಕಂತ ಕೊಡಿ ಮನ್ಯಾಗ ಬಿಟ್ಟು ಹೋಗ್ತೀವೇನು? ಲಸಿಕಿ ಆದವರಿಗೆ ಜಡ್ಡು ಎದಿಗಿಳಿದು ದವಾಖಾನಿ ಕಾಣಸೂದು ಕಡಿಮಿ. ಓಡೋ ಹುಡುಗ್ಗ ಬೇಕಾದ್ದು ಅದ.

ಕೋಚ್ ಹೇಳೋ ಮಾತಿಗೆ ಬರ್ತೀನಿ. ಅವರ ಕಷ್ಟಾ ನನಗ ತಿಳೀತದ. ಆಯ್ಕಿ ವಾರದಾಗ ಹುಡುಗ ಜ್ವರ ಬಂದು ಮಲಗಿದ್ರ ವರ್ಷದ ದುಡಿತ ಹೋತು. ಆದ್ರ ಅದು ಯಾವತ್ತ ಹಾಕಸ್ಬೇಕು ಅನ್ನೋ ಪ್ರಶ್ನೆ, ಹಾಕಸ್ಬೇಕೋ ಬ್ಯಾಡೋ ಅನ್ನೋದಲ್ಲ. ಕ್ಯಾಲೆಂಡರ್ ಮುಂದಿಟ್ಕೊಂಡು ಕೂತ್ರ ಬಗಿಹರೀತದ. ಟೋಕಿಯೋಕ್ಕ ಹೋಗೋರಿಗೆ ಹಂಗ ಮಾಡಿದ್ರಲ್ಲಾ. ಅವಾಗ ಕೋವಿಶೀಲ್ಡ್ ಎರಡನೇ ಡೋಸಿಗೆ ನಾವೆಲ್ಲಾ 84 ದಿವಸ ಕಾಯಬೇಕಿತ್ತು. ಒಲಿಂಪಿಕ್ಸಿಗೆ ಹೊಂಟವರಿಗೆ ಮಾತ್ರ 28 ದಿವಸಕ್ಕ ಕೊಡಬಹುದು ಅಂತ ಸರಕಾರ ಜೂನ್ ತಿಂಗಳದಾಗ ನಿಯಮ ಮಾಡ್ತು. ಓದ್ಲಿಕ್ಕೆ, ನೌಕರಿಗೆ ಪರದೇಶಕ್ಕ ಹೋಗೋರಿಗೂ ಹಂಗ. ಫೈಜರ್‌ನವರು ಒಲಿಂಪಿಕ್ ಸಮಿತಿಗೆ ಆಟಗಾರರ ಸಲುವಾಗಿ ಲಸಿಕಿ ಪುಕ್ಕಟೆ ಕೊಡ್ತೀವಿ ಅಂದಿದ್ರು. ಅವಾಗ ನಮ್ಮ ಓಣ್ಯಾಗ ಏನು ಮಾತು ನಡದಿತ್ತು ನೆನಪದ ಏನು? “ಮುದುಕ್ರು ಸಾಯ್ಲಿಕ್ಕೆ ಹತ್ತ್ಯಾರ, ಗಟ್ಟಿ ಇದ್ದ ಹುಡುಗುರಿಗೆ ಮೊದ್ಲ ಯಾಕ?” ಅಂತ. ನಾನೂ ಅಂದಾಕಿನ. ಲಸಿಕಿ ಸಿಗದಾಗ ಅವರಿಗ್ಯಾಕ ಅಂದ್ವಿ, ಈಗ ಕಾಲೇಜಿಗೇ ಬಂದು ಹಾಕ್ತೀನಂದ್ರ ನಮ್ಮ ಹುಡುಗ್ಗ ಬ್ಯಾಡ ಅಂತೀವಿ.

ನಮ್ಮ ಹುಡುಗನ ಲೆಕ್ಕ ಹಿಂಗ ಹಾಕಿದ್ವಿ. ಜನವರಿ 22ಕ್ಕ ಮೊದಲನೇ ಡೋಸ್. ಆಯ್ಕಿಗೆ ಇನ್ನೂ ಮೂರು ವಾರ. ಎರಡನೇದು 28 ದಿವಸದ ಮ್ಯಾಲೆ, ಅಂದ್ರ ಆಯ್ಕಿ ಮುಗದ ಮ್ಯಾಲೆನ ಬರ್ತದ. ಇಷ್ಟ ಸಣ್ಣ ಲೆಕ್ಕಕ್ಕ ತಂಗಿ ಒಂದು ವಾರ ಊಟಾ ಬಿಟ್ಟಿದ್ಲು.

ಒತ್ತಾಯ ಮಾಡಬೇಕೇನು ಅಂತ ಕೇಳಿದ್ರ ನನ್ನ ಉತ್ತರಾ ಇಲ್ಲ ಅಂತ. ಟೆನಿಸ್ ಆಟಗಾರ ಜೊಕೊವಿಚ್ ಕತಿ ಪೇಪರ್ ತುಂಬ ಬಂತಲ್ಲಾ. ಲಸಿಕಿ ಹಾಕಸ್ಕೊಳ್ಳದನ ಆಸ್ಟ್ರೇಲಿಯಾಕ್ಕ ಹೋಗಿ, ಕೋರ್ಟು ಕಚೇರಿ ಎಲ್ಲಾ ಆಗಿ, 2022ರ ಜನವರಿ 16ಕ್ಕ ತಿರುಗಿ ಕಳಿಸಿದ್ರು. ಅವಾಗ ತನಕಾ ಒಂಬತ್ತು ಸಲ ಅಲ್ಲೆ ಗೆದ್ದಿದ್ದಾಂವ. ಅಂವ ಅವಾಗ 34 ವರ್ಷದ ತಿಳದ ಮನುಷ್ಯಾ, ಬ್ಯಾಡ ಅಂದ, ಅದರ ಬೆಲಿ ಕೊಟ್ಟ. ಅದು ಅವನ ಲೆಕ್ಕ. ಆದ್ರ 17ರ ಹುಡುಗ್ಗ ಆ ಹಕ್ಕೂ ಇಲ್ಲ. ಅವನ ಪರವಾಗಿ ತಾಯಿ ಸಹಿ ಮಾಡಬೇಕು, ಕೋಚ್ ಹೂಂ ಅನಬೇಕು, ಗ್ರೂಪಿನ್ಯಾಗ ಅತ್ತಿ-ಮಾವ ಎಲ್ಲಾರೂ ಬುದ್ಧಿ ಹೇಳಬೇಕು. ಅವನ್ನ ಯಾರರ ಕೇಳಿದ್ರೇನು?

ಯಾರೂ ಕೇಳಿರಲಿಲ್ಲ. ಬುಧವಾರ ನಾ ಕೇಳಿದೆ. “ನಿನಗೇನ ಅನಸ್ತದೋ?” ಅಂತ.

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ದೊಡ್ಡವ್ವ, ನನಗ ಸೂಜಿ ಹೆದರಿಕಿ ಇಲ್ಲ. ಹೋದ ವರ್ಷ ನಮ್ಮ ಜೋಡಿ ಓಡೋ ಒಬ್ಬಾಂವಗ ಜ್ವರ ಬಂದಿತ್ತು. ಹೆಸರು ತಗೀತಾರಂತ ಹೇಳಲಿಲ್ಲ. ಗುಳಿಗಿ ನುಂಗಿ ಬಂದು ಓಡ್ದ. ಆಮ್ಯಾಲೆ ಅವಗ ಮೊದಲಿನಂಗ ಓಡ್ಲಿಕ್ಕೆ ಆಗಲಿಲ್ಲ, ಬಿಟ್ಟ. ನನಗ ಜ್ವರ ಬಂದ್ರ ನಾನೂ ಹೇಳೂದುಲ್ಲೇನೋ ಅಂತ ನನ್ನ ಮ್ಯಾಲೆ ನನಗ ಹೆದರಿಕಿ.”

ನನ್ನ ಕೈಯಾಗಿನ ಫೋನು ಹಂಗ ಉಳೀತು. ನಾವು ವಿಡಿಯೋ ನೋಡಿ ಹೆದರ್ಕೋತ ಕೂತೀವಿ, ಹುಡುಗುರು ಎದಿ ಉರಿ ಮುಚ್ಚಿಟ್ಟು ಓಡ್ಲಿಕ್ಕೆ ಹತ್ತ್ಯಾರ. ಖರೆ ಅಪಾಯ ಇದು. ಜ್ವರದಾಗ, ಜಡ್ಡು ಪೂರಾ ಬಿಡೂಕ್ಕಿಂತ ಮೊದಲ ಜೋರಾಗಿ ಓಡೂದು ಎದಿಗೆ ಕೆಟ್ಟದ್ದು ಅಂತ ನಮ್ಮ ಡಾಕ್ಟರು ಎರಡೆರಡು ಸಲ ಹೇಳಿದ್ರು. ಕೊರೊನಾ ಇರ್ಲಿ, ಬ್ಯಾರೆ ಜ್ವರ ಇರ್ಲಿ. ಲಸಿಕಿ ಹಾಕಸಿ ಬಿಟ್ರ ನಮ್ಮ ಕೆಲಸಾ ಮುಗೀಲಿಲ್ಲ, ಹುಡುಗ “ಅವ್ವಾ, ಎದಿ ನೋಯ್ತದ” ಅಂತ ಹೇಳೋ ಹಂಗ ಮನಿ ಇರಬೇಕು. ಹೇಳಿದ್ರ ಆಯ್ಕಿ ಹೋಗ್ತದ ಅಂತ ಬೈಯೋ ಮನಿ ಇದ್ರ ಯಾ ಲಸಿಕಿನೂ ಅವನ್ನ ಕಾಯೂದಿಲ್ಲ.

ಡಾಕ್ಟರು ಹೇಳಿದ್ದನ್ನ ನಿಮಗೂ ಹೇಳ್ತೀನಿ, ಉಪಯೋಗ ಆದೀತು. ಸ್ಪರ್ಧಾ ವಾರದಾಗ ಹಾಕಸಬ್ಯಾಡ್ರಿ, ಮುಂದ ಒಂದೆರಡು ವಾರ ಜಾಗಾ ಇರೋ ಹಂಗ ದಿವಸ ನೋಡ್ರಿ. ಜ್ವರ ಇದ್ದ ದಿನ ಹಾಕಸಬ್ಯಾಡ್ರಿ. ಮನ್ಯಾಗ ಯಾರರ ಸಣ್ಣ ವಯಸ್ಸಿನ್ಯಾಗ ಒಮ್ಮಿಂದೊಮ್ಮೆಲೆ ತೀರಿಕೊಂಡಿದ್ರ, ಹುಡುಗ ಓಡುವಾಗ ಎಂದರ ತಲಿ ತಿರುಗಿ ಬಿದ್ದಿದ್ರ ಅದನ್ನ ಡಾಕ್ಟರ ಮುಂದ ಹೇಳ್ರಿ, ಇಸಿಜಿ ತಗಸ್ರಿ. ಇದು ಲಸಿಕಿ ಸಲುವಾಗಿ ಅಲ್ಲ, ಅಂವ ಓಡ್ತಾನ ಅನ್ನೋ ಸಲುವಾಗಿ. ಸೂಜಿ ಆದ ಎರಡು ಮೂರು ದಿವಸ ಬರೇ ಅಡ್ಡ್ಯಾಡ್ಲಿ, ನೀರು ಚೊಲೋತ್ನಾಗಿ ಕುಡೀಲಿ. ಆ ಮ್ಯಾಲೆ ಎದಿ ನೋವು, ದಮ್ಮು, ಎದಿ ಡವಡವ ಅನ್ನೂದು ಏನರ ಆದ್ರ ಓಟ ಬಿಟ್ಟು ಸೀದಾ ಡಾಕ್ಟರ ಕಡೆ. ಕೊರೊನಾ ಬಂದು ಹೋದ್ರಂತೂ ಗಡಿಬಿಡಿ ಬ್ಯಾಡ. ಮೊದ್ಲ ನಡೀಲಿ, ಆಮ್ಯಾಲೆ ಹಗರಕ ಓಡ್ಲಿ, ದಿವಸಾ ಸ್ವಲ್ಪ ಸ್ವಲ್ಪ ಹೆಚ್ಚು ಮಾಡ್ಲಿ.

ನಾ ಕಲ್ತದ್ದು ಇಷ್ಟ. “ಇನ್ನೂ ವಿಚಾರ ಮಾಡ್ಲಿಕ್ಕೆ ಹತ್ತೀನಿ” ಅಂತ ಕೂಡೂದು ನಮಗ ಭದ್ರ ಜಾಗಾ ಅಂತ ಅನಸ್ತದ. ಸಹಿ ಮಾಡಿ ಏನರ ಆದ್ರ ತಾಯಿ ಕೈಯಿಂದ ಆದಂಗ, ಸುಮ್ಮನ ಕೂತು ಜಡ್ಡು ಬಂದ್ರ ದೇವರ ಇಚ್ಛಾ ಅಂದಂಗ. ಅದಕ್ಕ ನಮಗ ಸಹಿ ಮಾಡ್ಲಿಕ್ಕೆ ಕೈ ನಡಗ್ತದ, ಸುಮ್ಮನ ಕೂಡ್ಲಿಕ್ಕೆ ನಡಗೂದಿಲ್ಲ. ಆದ್ರ ಸುಮ್ಮನ ಕೂಡೂದೂ ನಾವ ಮಾಡಿದ ನಿರ್ಧಾರನ. ಕಿಮ್ಮಿಶ್ ಕೂತ, ಆ ವರ್ಷದ ಉಳಿದ ಆಟ ಹೋದ್ವು. ನಾ ಕೂತೆ, ಮೂರು ತಿಂಗಳು ಪಾವಟಿಗಿ ಮ್ಯಾಲೆ ನಿಂತೆ. ಆ ಹುಡುಗ ಕೂಡಬಾರದು.

ಇವತ್ತ ರವಿವಾರ. ನಿನ್ನೆ ತಂಗಿ ಸಹಿ ಮಾಡಿದ್ಲು, ಕಾಲೇಜಿನ್ಯಾಗ ಹಾಕಿದ್ರು. ರಾತ್ರಿ ಮೈ ಸ್ವಲ್ಪ ಬಿಸಿ ಇತ್ತಂತ, ಅಕಿ ಒಂದು ಗಂಟೆಕ್ಕೊಮ್ಮೆ ಎದ್ದು ಹಣಿ ಮುಟ್ಟಿ ನೋಡ್ಯಾಳ. ಮುಂಜಾನೆ ಫೋನ್ ಹಚ್ಚಿದೆ. ಹುಡುಗನ ಎತ್ತಿದ.

“ಹೆಂಗಿದ್ದೀಯೋ?”

“ತೋಳು ನೋಯ್ತದ ದೊಡ್ಡವ್ವ, ಬ್ಯಾರೆ ಏನಿಲ್ಲ. ಅವ್ವ ಮಲಗ್ಯಾಳ, ಎಬ್ಬಸಬ್ಯಾಡ. ರಾತ್ರಿ ನಿದ್ದಿ ಮಾಡಿಲ್ಲ ಅಕಿ.”

“ಇವತ್ತ ಓಡ್ಲಿಕ್ಕೆ ಹೋಗಿಲ್ಲಲ್ಲಾ?”

“ಇಲ್ಲ. ಬುಧವಾರ ತನಕಾ ಬರೂದಿಲ್ಲ ಅಂತ ಕೋಚಿಗೆ ನಾನ ಹೇಳೀನಿ.”

ಅಂವನ ಹೇಳ್ಯಾನ. ನನಗ ಅಷ್ಟ ಸಾಕಾತು.